ಬಿಸ್ಕತ್ತಿನ ಡಬ್ಬಿ

ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ
ನಮ್ಮೂರ ಮಕ್ಕಳು ಒಂದು ಪದವನ್ನು ಹೂಳುತ್ತಾರೆ.
ಗುಂಡಿ ತೋಡುವವನು ನಾನು, ತಿಯೆಬೋ.
ಮನುಷ್ಯರಿಗಾದರೆ ಆರಡಿ, ಪದಕ್ಕೆ ಮೊಣಕಾಲಷ್ಟು ಸಾಕು.
ಆದರೂ ಲೊರೇನಿನ ಫೆಬ್ರವರಿ ನೆಲ;
ಗುದ್ದಲಿ ಹೋದಷ್ಟೇ ವೇಗದಲ್ಲಿ ವಾಪಸು ಬರುತ್ತದೆ.

ಈ ಸಲ ಏಳೇ ಮಕ್ಕಳು. ಹೋದ ವರ್ಷ ಹನ್ನೊಂದಿದ್ದರು.
ಮೆಲೀನ್ ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ
ಅಲ್ಲೆಲೂಯ ಎಂದು ಬರೆದಿದ್ದಳು,
ಬಿಟ್ಟುಹೋದ ಒಂದಕ್ಷರವನ್ನು ಆಮೇಲೆ ಸಂದಿಯಲ್ಲಿ ತುರುಕಿ.
ಬಿಸ್ಕತ್ತಿನ ಹಳೇ ಡಬ್ಬಿಯೇ ಶವಪೆಟ್ಟಿಗೆ.
ಇನ್ನು ಈಸ್ಟರಿನವರೆಗೆ ಆ ಪದ
ಆಡುವಂತಿಲ್ಲ, ಹಾಡುವಂತಿಲ್ಲ,
ಬಾಯಿ ತಪ್ಪಿಯೂ ಬರುವಂತಿಲ್ಲ.

ಫಾದರ್ ಕೊಸ್ಸಿ ಟೋಗೋ ದೇಶದವರು, ಒಂಬತ್ತು ಹಳ್ಳಿಗೆ ಒಬ್ಬರೇ,
ಕೈಗವಸು ಮಾತ್ರ ಎರಡು ಜೊತೆ, ಒಂದರ ಮೇಲೊಂದು.
ಗುಂಡಿಯ ಅಂಚಿನಲ್ಲಿ ನಿಂತು ಅರ್ಥ ಬಿಡಿಸಿದರು:
‘ಕೊನೆಯ ಯ ಇದೆಯಲ್ಲ, ಅದು ದೇವರ ಹೆಸರಿನ ತುಣುಕು.
ಉಳಿದದ್ದೆಲ್ಲ ಅಪ್ಪಣೆ, ಸ್ತುತಿಸಿರಿ ಅಂತ.
ನಾನು ಸ್ತುತಿಸುತ್ತೇನೆ ಅಂತಲ್ಲ, ನೀವೆಲ್ಲ ಅಂತ.
ಒಬ್ಬನೇ ಕೂತು ಹೇಳಿದರೂ
ಎದುರಿಗೆ ನಾಲ್ಕು ಜನ ಇದ್ದಾರೆಂದೇ ಆ ಪದದ ನಂಬಿಕೆ.’

ಮೂರು ಸಲಿಕೆ ಮಣ್ಣು ಎಳೆದು ಮನೆಗೆ ಬಂದೆ.
ಬಾಗಿಲಲ್ಲೇ ಓದಿಲ್, ಗಾಲಿಕುರ್ಚಿಯಲ್ಲಿ:
‘ಅಲ್ಲೆಲೂಯ.’
ಬೂಟು ಒರೆಸಿಕೋ ಅಂತ.

ಎರಡು ವರ್ಷದ ಹಿಂದೆ, ಮಿರಾಬೆಲ್ ಹಣ್ಣಿನ ಜಾಮ್ ಕುದಿಯುತ್ತಿರುವಾಗ
ಅವಳ ತಲೆಯೊಳಗೊಂದು ನರ ಒಡೆಯಿತು.
ನಾನ್ಸಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ
ಮಗಳ ಹೆಸರು, ನನ್ನ ಹೆಸರು, ಉಪ್ಪು, ನೀರು,
ಯಾರೋ ಗುಡಿಸಿಕೊಂಡು ಹೋದಂತೆ ಎಲ್ಲ ಖಾಲಿ.
ಮೂಲೆಯಲ್ಲಿ ಇದೊಂದು ಬಿದ್ದಿತ್ತು.
ಭಕ್ತೆಯೂ ಅಲ್ಲ ಅವಳು, ಸುಳ್ಳೇಕೆ.
ಗಾಯನಮೇಳದಲ್ಲಿ ನಿಲ್ಲುತ್ತಿದ್ದದ್ದು
ಆ ಮೂಲೆಯಲ್ಲೇ ಒಲೆ ಇದೆಯೆಂದು.

ಸೂಪು ಸಪ್ಪೆ: ಅಲ್ಲೆಲೂಯ.
ಕಿಟಕಿ ಹಾಕು: ಅಲ್ಲೆಲೂಯ.
ಪಕ್ಕದವರ ನಾಯಿ ಕೋಳಿಗೂಡಿಗೆ ನುಗ್ಗಿದ ದಿನ
ಅವಳು ಹೇಳಿದ ಅಲ್ಲೆಲೂಯವನ್ನು
ಪುಣ್ಯಕ್ಕೆ ಫಾದರ್ ಕೇಳಲಿಲ್ಲ.
ರಾತ್ರಿ ಎರಡು ಗಂಟೆಗೆ, ನನ್ನ ಕೈ ಹುಡುಕುತ್ತ, ಇನ್ನೊಂದು ಬರುತ್ತದೆ.
ಅದರ ಅರ್ಥ ನಾನು ಹೇಳಲಾರೆ.

ನಲವತ್ತೊಂದು ವರ್ಷ ಏಕವಚನದಲ್ಲೇ ಬೈದವಳು
ಈಗ ನನಗೆ ಬಹುವಚನ ಕೊಟ್ಟಿದ್ದಾಳೆ.
ಮನೆಯಲ್ಲಿ ನಾನೊಬ್ಬನೇ ಇರುವುದು, ಓದಿಲ್,
ಯಾರಿಗೆಲ್ಲ ಹೇಳುತ್ತಿ?

ಮೂರನೆಯ ವಾರ ಮೊಟ್ಟೆ ಕೊಳ್ಳಲು ಬಂದ ಮೆಲೀನ್
ಅಡುಗೆಮನೆಯಿಂದ ಬಂದ ಪದ ಕೇಳಿ ಬೆಚ್ಚಿದಳು.
ದೂರು ಹೋಯಿತು. ಫಾದರ್ ಬಂದರು.
ಕಾಫಿ ಕೊಟ್ಟೆ. ಓದಿಲ್ ತನ್ನ ಬಟ್ಟಲನ್ನು ಮುಂದೆ ತಳ್ಳಿ
ಹೂತಿಟ್ಟ ಪದವನ್ನು ಜೋರಾಗಿಯೇ ಹೇಳಿದಳು.
ಫಾದರ್ ತಮ್ಮದನ್ನು ಒಂದು ಗುಟುಕು ಕುಡಿದು ನೋಡಿ
‘ಹೌದು ತಿಯೆಬೋ, ಆರಿಹೋಗಿದೆ’ ಅಂದರು.
ಅಷ್ಟೇ.

ಈಸ್ಟರ್ ಬೆಳಿಗ್ಗೆ ಮಂಜು ಕರಗಿ ಗುರುತಿನ ಗೂಟ ಎಲ್ಲೋ ಹೋಗಿತ್ತು.
ಹೆಗ್ಗಣಗಳು ಬೇರೆ ನೆಲವೆಲ್ಲ ಎಬ್ಬಿಸಿದ್ದವು.
ಮೂವತ್ತು ವರ್ಷ ಊರಿನ ಹೆಣಗಳ ಲೆಕ್ಕ ತಪ್ಪದ ನಾನು
ಒಂದು ಡಬ್ಬಿಯನ್ನು ಕಳೆದುಕೊಂಡಿದ್ದೆ.
‘ಎಲ್ಲಿ? ಎಲ್ಲಿ?’ ಮಕ್ಕಳು ನನ್ನ ಕೋಟು ಜಗ್ಗಿದರು.
ಓದಿಲ್ ಎಡಗೈ ಎತ್ತಿ ಬೇಲಿಯ ಬುಡ ತೋರಿಸಿದಳು:
‘ಅಲ್ಲೆ…’
ಅಗೆದೆ. ಅಲ್ಲೇ ಇತ್ತು.

ಮುಚ್ಚಳ ತೆಗೆದರೆ ನೀರು. ರಟ್ಟು ನೆನೆದು ಗಂಜಿ.
ಅಕ್ಷರ ಒಂದೂ ಇಲ್ಲ, ನೀಲಿ ಮಾತ್ರ.
ಮೆಲೀನ್‌ಳ ತುಟಿ ನಡುಗಿತು.
ಆಗ ಹಿಂದಿನಿಂದ ಓದಿಲ್, ಪೂರ್ತಿಯಾಗಿ,
ಒಂದಕ್ಷರ ಬಿಡದೆ, ಅಂದಳು.
ಏಳು ಮಕ್ಕಳೂ ಒಟ್ಟಿಗೆ ಅಂದರು.
ಗೋಡೆಯಾಚೆ ಯಾರದೋ ಹುಂಜ ಬೆದರಿ ಕೂಗಿತು.

ನಾನು ಸಲಿಕೆ ಗೋಡೆಗೆ ಒರಗಿಸಿ ಕುರ್ಚಿಯ ಹಿಡಿ ಹಿಡಿದೆ.
ಅವಳು ಹೇಳಿದ್ದು ನನಗೆ ಗೊತ್ತು:
ಕಾಲು ತಣ್ಣಗಾಯಿತು, ನಡೆಯಿರಿ.